ತಪ್ಪು ನಿಮ್ಮ ಅಡುಗೆಯದ್ದಲ್ಲ

ಬದಿಯಡ್ಕ ಸಮೀಪದ ಓದುಗರೊಬ್ಬರ ಪತ್ರ: “ಕಳೆದ ಮಳೆಗಾಲದಲ್ಲಿ ಇಬ್ಬರು ಮಕ್ಕಳಿಗೂ ಡೆಂಗಿ ಬಂತು. ದೊಡ್ಡವನು ಮೂರು ದಿನ ಮಲಗಿ ಎದ್ದ. ಚಿಕ್ಕವನನ್ನು ಮಂಗಳೂರಿನ ಆಸ್ಪತ್ರೆಯಲ್ಲಿ ಎಂಟು ದಿನ ಇಡಬೇಕಾಯಿತು. ಮಗುವಿಗೆ ಸರಿಯಾಗಿ ಉಣ್ಣಿಸಲಿಲ್ಲ ಎಂದು ಮನೆಯವರು ನನ್ನನ್ನೇ ದೂರುತ್ತಾರೆ. ಹೌದೇ?”

ಸಂಪಾದಕರ ಉತ್ತರ:

ಅಲ್ಲ. ಆ ಕೊನೆಯ ‘ಹೌದೇ’ ಓದಿ ಸಂಕಟವಾಯಿತು.

ಡೆಂಗಿ ವೈರಸ್ಸಿನಲ್ಲಿ ನಾಲ್ಕು ಬಗೆ. ಒಂದು ಬಂದು ಹೋದರೆ ಅದೇ ಬಗೆಯ ವಿರುದ್ಧ ರಕ್ಷಣೆ ಬಹುಕಾಲ ಉಳಿಯುತ್ತದೆ. ಉಳಿದ ಮೂರರ ವಿರುದ್ಧ ಸ್ವಲ್ಪ ಕಾಲ ಮಾತ್ರ. ಆಮೇಲೆ ಇನ್ನೊಂದು ಬಗೆ ಹೊಕ್ಕರೆ ಹಳೆಯ ಪ್ರತಿಕಾಯಗಳು (ಹಿಂದಿನ ಸೋಂಕನ್ನು ಎದುರಿಸಲು ದೇಹ ತಯಾರಿಸಿಕೊಂಡ ರಕ್ಷಕ ಪ್ರೋಟೀನುಗಳು) ಅದಕ್ಕೆ ಅಂಟಿಕೊಳ್ಳುತ್ತವೆ, ಆದರೆ ಅಡಗಿಸಲಾರವು. ಕಾವಲಿನ ಜೀವಕೋಶಗಳು ಆ ಪ್ರತಿಕಾಯಗಳನ್ನು ಒಳಗೆಳೆದುಕೊಳ್ಳುವಾಗ ವೈರಸ್ಸೂ ಒಳಸೇರಿ ಅಲ್ಲೇ ಬೆಳೆಯುತ್ತದೆ. ಎರಡನೆಯ ಸಲದ ಡೆಂಗಿ ಹೆಚ್ಚು ಅಪಾಯ ತರುವುದು ಹೀಗೆ. ಎಷ್ಟೋ ಜನರಲ್ಲಿ ಡೆಂಗಿ ಜ್ವರವನ್ನೇ ತೋರದೆ ಹೋಗುವುದರಿಂದ, ನಿಮ್ಮ ಚಿಕ್ಕವನಿಗೆ ಇದು ಎರಡನೆಯದೇ ಆಗಿದ್ದರೂ ನಿಮಗೆ ತಿಳಿದಿರಲಿಕ್ಕಿಲ್ಲ.

ಇನ್ನು ಹುಟ್ಟಿನಿಂದ ಬಂದದ್ದು. ರೋಗಾಣುವಿನ ತುಣುಕನ್ನು ರಕ್ಷಣಾ ಕೋಶಗಳಿಗೆ ಎತ್ತಿ ತೋರಿಸುವುದು ಎಚ್‌ಎಲ್‌ಎ ಜೀನ್‌ಗಳ ಕೆಲಸ. ಒಡಹುಟ್ಟಿದ ಇಬ್ಬರಲ್ಲಿ ಈ ಕಂತೆ ಪೂರ್ತಿ ಒಂದೇ ಆಗಿರುವ ಸಂಭವ ನಾಲ್ಕರಲ್ಲಿ ಒಂದು. ಒಂದೇ ಪಾತ್ರೆಯ ಗಂಜಿ ಉಂಡು ಬೆಳೆದರೂ ಅಷ್ಟೇ. ಡೆಂಗಿ ಬಿಗಡಾಯಿಸಿ ರಕ್ತದೊತ್ತಡ ಕುಸಿಯುವ ಆಘಾತಕ್ಕೆ ಒಳಗಾದ ವಿಯೆಟ್ನಾಮಿನ ಮಕ್ಕಳಲ್ಲಿ ಎಂಐಸಿಬಿ, ಪಿಎಲ್‌ಸಿಇ1 ಎಂಬ ಎರಡು ಜೀನ್‌ಗಳ ನಂಟನ್ನು 2011ರಲ್ಲಿ ಗುರುತಿಸಿದರು.

ನಿಮ್ಮ ಮನೆಯವರಿಗೆ ಓದಿ ಹೇಳಬೇಕಾದದ್ದು ಡೆನ್ಮಾರ್ಕಿನ ಸಂಗತಿ. ದತ್ತು ಹೋದ ಮಕ್ಕಳನ್ನು ಕುರಿತ ಅಲ್ಲಿನ ಅಧ್ಯಯನ 1988ರಲ್ಲಿ ಪ್ರಕಟವಾಯಿತು. ಹೆತ್ತವರಲ್ಲಿ ಒಬ್ಬರು ಐವತ್ತು ತುಂಬುವ ಮೊದಲೇ ಸೋಂಕಿನಿಂದ ಸತ್ತಿದ್ದರೆ, ಬೇರೆ ಮನೆಯಲ್ಲಿ ಬೆಳೆದ ಮಗುವಿಗೂ ಸೋಂಕಿನಿಂದ ಸಾಯುವ ಅಪಾಯ ಐದು ಪಟ್ಟಿಗೂ ಹೆಚ್ಚಿತ್ತು. ಸಾಕಿದವರ ಸಾವಿಗೆ ಅಂಥ ನಂಟು ಕಾಣಲಿಲ್ಲ. ಪೌಷ್ಟಿಕ ಊಟ ಬೇಕು, ಖಂಡಿತ. ಆದರೆ ಜ್ವರ ಬಿಗಡಾಯಿಸಿದ್ದಕ್ಕೆಲ್ಲ ತಾಯಿಯ ಅಡುಗೆಮನೆಯತ್ತ ಬೆರಳು ತೋರಿಸುವುದು ಅನ್ಯಾಯ.

ಮುಂದೆ ಚಿಕ್ಕವನಿಗೆ ಜ್ವರ ಬಂದರೆ, ಹಿಂದೆ ಡೆಂಗಿ ಬಂದಿತ್ತೆಂದು ವೈದ್ಯರಿಗೆ ಮೊದಲೇ ಹೇಳಿ. ಆಸ್ಪಿರಿನ್, ಐಬುಪ್ರೊಫೆನ್ ಕೊಡಬೇಡಿ. ಜ್ವರ ಇಳಿದ ಮೇಲೆ ಹೊಟ್ಟೆನೋವು, ಬಿಡದ ವಾಂತಿ, ವಸಡಿನಲ್ಲಿ ರಕ್ತ, ಮಂಕು ಕಂಡರೆ ಒಂದು ಗಳಿಗೆಯೂ ಕಾಯಬೇಡಿ.

ದೂರುವವರು ತೋಟಕ್ಕೆ ಇಳಿಯಲಿ. ಮೊನ್ನೆ ನಮ್ಮಲ್ಲಿ ಬಿದ್ದಿದ್ದ ಅಡಿಕೆ ಹಾಳೆಯೊಂದನ್ನು ಎತ್ತಿದೆ. ಅದರ ಮಡಿಕೆಯಲ್ಲಿ ಒಂದು ಬೊಗಸೆ ಕಂದು ನೀರು, ಆ ನೀರಿನ ತುಂಬ ಮಿಸುಕಾಡುವ ಸೊಳ್ಳೆಮರಿಗಳು.