ಬೆಂಗಳೂರು ನೃಪತುಂಗ ರಸ್ತೆಯ ಆ ರಿಸರ್ವ್ ಬ್ಯಾಂಕ್ ಕಟ್ಟಡದಲ್ಲಿ ಅಸಿಸ್ಟೆಂಟ್‌ಗೆ ಏನು ಕೆಲಸ?

ಪತ್ರ: "ಎಂ.ಕಾಂ. ಮುಗಿಸಿ ರಿಸರ್ವ್ ಬ್ಯಾಂಕ್ ಅಸಿಸ್ಟೆಂಟ್ ಪರೀಕ್ಷೆಗೆ ಓದುತ್ತಿದ್ದೇನೆ. ನಮ್ಮ ಸೋದರಮಾವ ಬ್ಯಾಂಕಿನಲ್ಲಿದ್ದು ರಿಟೈರ್ ಆದವರು. 'ಹೆಸರು ದೊಡ್ಡದು, ಒಳಗೆ ಹೋದ್ರೆ ಗುಮಾಸ್ತೆ ಕೆಲಸ. ಫೈಲು ಈ ಟೇಬಲ್ಲಿಂದ ಆ ಟೇಬಲ್ಲಿಗೆ. ಬ್ಯಾಂಕ್ ಕ್ಲರ್ಕ್ ಆದ್ರೆ ನಾಲ್ಕು ಜನರ ಮುಖವಾದ್ರೂ ನೋಡ್ತೀಯ' ಅನ್ನುತ್ತಾರೆ. ನಿಮ್ಮ ಪತ್ರಿಕೆಯಲ್ಲಿ ರೆಪೋ ದರ, ಗವರ್ನರ್ ಭಾಷಣ ಎಲ್ಲ ಬರುತ್ತೆ. ಅಲ್ಲಿ ಕೆಳಗಿನ ಮೇಜಲ್ಲಿ ಕೂತವರು ದಿನಾ ಏನು ಮಾಡ್ತಾರೆ ಅಂತ ಯಾಕೆ ಬರೆಯಲ್ಲ?" (ಹಾಸನ ಜಿಲ್ಲೆಯ ಓದುಗರು. ಹೆಸರು ಬೇಡ ಎಂದಿದ್ದಾರೆ.)

ಉತ್ತರ: ನಿಮ್ಮ ಮಾವ ಹೇಳಿದ್ದು ಸುಳ್ಳಲ್ಲ. ಅದು ಗುಮಾಸ್ತೆ ಕೆಲಸವೇ. ಬ್ಯಾಂಕಿಗೆ ದಂಡ ಹಾಕುವುದು, ಲೈಸೆನ್ಸ್ ರದ್ದು ಮಾಡುವುದು ಯಾವುದೂ ಅಸಿಸ್ಟೆಂಟ್ ಕೈಯಲ್ಲಿಲ್ಲ. ರೆಪೋ ದರ, ಅಂದರೆ ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ಕೊಡುವ ಸಾಲದ ಬಡ್ಡಿ, ತೀರ್ಮಾನಿಸುವುದು 6 ಜನರ ಹಣಕಾಸು ನೀತಿ ಸಮಿತಿ. ಆ ಸುದ್ದಿ ನಿಮಗೂ ಟಿವಿ ಮುಂದೆ ಕೂತವರಿಗೂ ಒಟ್ಟಿಗೇ ಗೊತ್ತಾಗುತ್ತದೆ. ತೀರ್ಮಾನ ತೆಗೆದುಕೊಳ್ಳುವ ಆಸೆ ಇದ್ದರೆ ಗ್ರೇಡ್ ಬಿ ಆಫೀಸರ್ ಪರೀಕ್ಷೆಗೆ ಓದಿ, ಅದರ ದಾರಿಯೇ ಬೇರೆ.

ಆದರೆ "ಫೈಲು ಈ ಟೇಬಲ್ಲಿಂದ ಆ ಟೇಬಲ್ಲಿಗೆ" ಅಂದರಲ್ಲ, ಅಲ್ಲಿ ಅವರು ಅರ್ಧ ಮಾತ್ರ ನೋಡಿದ್ದಾರೆ. ಫೈಲು ಆ ಟೇಬಲ್ಲಿಗೆ ಹೋಗುವ ಮೊದಲು ಈ ಟೇಬಲ್ಲಿನಲ್ಲಿ ಏನಾಯಿತು ಎನ್ನುವುದರ ಮೇಲೆ ಎಷ್ಟೋ ಸಲ ಫಲಿತಾಂಶ ನಿಂತಿರುತ್ತದೆ.

ರಿಸರ್ವ್ ಬ್ಯಾಂಕಿಗೆ ಬಂದ ಒಂದು ದೂರು ತಗೊಳ್ಳೋಣ. ಎಟಿಎಂನಲ್ಲಿ ದುಡ್ಡು ಬರಲಿಲ್ಲ, ಖಾತೆಯಿಂದ ಮಾತ್ರ ಕಟ್ಟಾಯಿತು. ಕಾಗದ ಮೂರು ಪುಟ ಇದೆ. ಮ್ಯಾನೇಜರ್ ಎಷ್ಟು ಸಲ ಅಲೆಸಿದರು, ಯಾರ ಮುಂದೆ ಏನಂದರು, ಮಗಳ ಕಾಲೇಜ್ ಫೀಸಿಗೆ ಎಷ್ಟು ತೊಂದರೆಯಾಯಿತು, ಎಲ್ಲ ಬರೆದಿದ್ದಾರೆ. ತಾರೀಕು ಮಾತ್ರ ಇಲ್ಲ. ಎರಡನೇ ಪುಟದ ಮಧ್ಯೆ ಎಲ್ಲೋ "ಯುಗಾದಿ ಹಿಂದಿನ ದಿನ" ಅಂತಿದೆ. ಇಂಥ ಕಾಗದದಿಂದ ಮೂರು ತಾರೀಕು ಹೆಕ್ಕಬೇಕು: ವಹಿವಾಟು ನಡೆದ ದಿನ, ಬ್ಯಾಂಕಿಗೆ ದೂರು ಕೊಟ್ಟ ದಿನ, ದುಡ್ಡು ವಾಪಸ್ ಬಂದಿದ್ದರೆ ಆ ದಿನ.

ಯಾಕೆ ಅಂದರೆ ರಿಸರ್ವ್ ಬ್ಯಾಂಕಿನ 2019ರ ಸುತ್ತೋಲೆ ಪ್ರಕಾರ ಇಂಥ ದುಡ್ಡನ್ನು ಬ್ಯಾಂಕು 5 ದಿನದೊಳಗೆ ತಾನಾಗಿಯೇ ವಾಪಸ್ ಹಾಕಬೇಕು. ತಪ್ಪಿದರೆ ಆಮೇಲಿನ ಒಂದೊಂದು ದಿನಕ್ಕೂ 100 ರೂಪಾಯಿ ಪರಿಹಾರ. 25ನೇ ದಿನಕ್ಕೆ ಬಂತು ಅಂದರೆ 20 ದಿನ ತಡ, 2,000 ರೂಪಾಯಿ. ಇನ್ನೊಂದು ಲೆಕ್ಕವೂ ಇದೆ. ಮೊದಲು ಬ್ಯಾಂಕಿಗೇ ದೂರು ಕೊಟ್ಟಿರಬೇಕು. ಅವರು 30 ದಿನದೊಳಗೆ ಉತ್ತರ ಕೊಡದಿದ್ದರೆ, ಅಥವಾ ಕೊಟ್ಟ ಉತ್ತರ ಸರಿಹೋಗದಿದ್ದರೆ ಮಾತ್ರ ಒಂಬುಡ್ಸ್‌ಮನ್, ಅಂದರೆ ಬ್ಯಾಂಕ್ ಗ್ರಾಹಕರ ದೂರು ಕೇಳುವ ರಿಸರ್ವ್ ಬ್ಯಾಂಕ್ ಅಧಿಕಾರಿ, ಅವರ ಹತ್ತಿರ ಬರಬೇಕು. ಬ್ಯಾಂಕಿಗೆ ಕೊಟ್ಟ ದೂರಿನ ಪ್ರತಿ ಹಿಂದೆ ಪಿನ್ ಮಾಡಿದ್ದು ಯಾರ ಕಣ್ಣಿಗೂ ಬೀಳದಿದ್ದರೆ, ನ್ಯಾಯವಾದ ದೂರೂ "ಸ್ವೀಕರಿಸಲು ಬರುವುದಿಲ್ಲ" ಎಂದು ಮುಚ್ಚಿಹೋಗಬಹುದು. 2021ರ ನವೆಂಬರ್‌ನಲ್ಲಿ ಸಂಯೋಜಿತ ಒಂಬುಡ್ಸ್‌ಮನ್ ಯೋಜನೆ ಬಂದ ಮೇಲೆ ಅಂಚೆಯ ದೂರುಗಳು ಮೊದಲು ಚಂಡೀಗಢದ ಕೇಂದ್ರಕ್ಕೆ ಹೋಗಿ ಅಲ್ಲಿಂದ ಹಂಚಿಕೆಯಾಗುತ್ತವೆ. ಆದರೆ ಮೂರು ಪುಟ ಓದಿ ಅರ್ಧ ಪುಟದ ನೋಟ್ ಬರೆಯುವ ಕೆಲಸ ಯಾವ ಊರಿನ ಕಚೇರಿಯಲ್ಲಾದರೂ ತಪ್ಪಿದ್ದಲ್ಲ. ಸಹಿ ಆಫೀಸರ್‌ದು. ಅವರು ಮೊದಲು ಓದುವುದು ನಿಮ್ಮ ಅರ್ಧ ಪುಟವನ್ನು.

ಎಲ್ಲರನ್ನೂ ದೂರಿನ ವಿಭಾಗಕ್ಕೇ ಹಾಕುವುದಿಲ್ಲ. ಬೆಂಗಳೂರು ಕಚೇರಿಯಲ್ಲಿ ನೋಟಿನ ವ್ಯವಹಾರ ನೋಡುವ ಇಶ್ಯೂ ವಿಭಾಗ ಇದೆ. ಸರ್ಕಾರಿ ಖಾತೆ, ವಿದೇಶಿ ವಿನಿಮಯ, ಸಿಬ್ಬಂದಿ, ಬ್ಯಾಂಕ್ ಮೇಲ್ವಿಚಾರಣೆ, ಹೀಗೆ ಬೇರೆಯವೂ ಇವೆ. ನನ್ನನ್ನು ಕೇಳಿದರೆ ಹೊಸಬರು ಮೊದಲು ಕಲಿಯಲು ಇಶ್ಯೂ ವಿಭಾಗದಷ್ಟು ಒಳ್ಳೆಯ ಜಾಗ ಇಲ್ಲ. ಅಲ್ಲಿ ನಿಯಮವನ್ನು ಕೈಯಲ್ಲಿ ಮುಟ್ಟಿ ನೋಡಬಹುದು.

ಹರಿದ ನೋಟನ್ನೇ ನೋಡಿ. 500ರ ನೋಟು 150 ಮಿ.ಮೀ. ಉದ್ದ, 66 ಮಿ.ಮೀ. ಅಗಲ. ಅಂದರೆ 99 ಚದರ ಸೆಂ.ಮೀ. ಯಾರೋ ಗೆದ್ದಲು ತಿಂದ ನೋಟು ತಂದಿದ್ದಾರೆ. ಉಳಿದಿರುವ ತುಂಡುಗಳಲ್ಲಿ ಅತಿ ದೊಡ್ಡದು 80 ಚದರ ಸೆಂ.ಮೀ. ಮುಟ್ಟಿದರೆ ಪೂರ್ತಿ 500 ಸಿಗುತ್ತದೆ. 40ಕ್ಕಿಂತ ಕಡಿಮೆಯಾದರೆ ಏನೂ ಇಲ್ಲ. ನಡುವೆ ಇದ್ದರೆ 250. 50 ರೂಪಾಯಿಗಿಂತ ಕೆಳಗಿನ ನೋಟಿಗೆ ಅರ್ಧ ಬೆಲೆ ಎಂಬುದೇ ಇಲ್ಲ, ಅರ್ಧಕ್ಕಿಂತ ಹೆಚ್ಚು ಭಾಗ ಉಳಿದಿದ್ದರೆ ಪೂರ್ತಿ, ಇಲ್ಲದಿದ್ದರೆ ಸೊನ್ನೆ. "ಸ್ವಲ್ಪ ನೋಡ್ಕೊಂಡು ಮಾಡಿ ಮೇಡಂ" ಎಂದು ಎದುರಿಗಿರುವವರು ಎಷ್ಟು ಬೇಡಿಕೊಂಡರೂ ಅಳತೆ ಅಳತೆಯೇ. ಎರಡು ಬೇರೆ ಬೇರೆ ನೋಟಿನ ತುಂಡು ಸೇರಿಸಿ ಅಂಟಿಸಿ ತರುವ ಜಾಣರೂ ಇರುತ್ತಾರೆ, ಎರಡೂ ಕಡೆಯ ನಂಬರ್ ನೋಡಬೇಕು.

ಜನರ ಮುಖ ನೋಡಲು ಸಿಗುವುದಿಲ್ಲ ಅನ್ನುವುದೂ ಪೂರ್ತಿ ಸರಿಯಲ್ಲ. 2023ರ ಮೇ 19ರಂದು 2,000ದ ನೋಟು ವಾಪಸ್ ಪಡೆಯುವುದಾಗಿ ಹೇಳಿದರಲ್ಲ, ಅಕ್ಟೋಬರ್ 7ರ ನಂತರ ಅದನ್ನು ಬದಲಿಸಿಕೊಳ್ಳಲು ಉಳಿದದ್ದು ದೇಶದಲ್ಲಿ ರಿಸರ್ವ್ ಬ್ಯಾಂಕಿನ 19 ಕಚೇರಿ. ಕರ್ನಾಟಕದ ಪಾಲಿಗೆ ನೃಪತುಂಗ ರಸ್ತೆ ಒಂದೇ. ಬಸ್ ಹತ್ತಿ ಅಷ್ಟು ದೂರ ಬಂದವರ ಕೈಲಿ ಗುರುತಿನ ಚೀಟಿಯ ಜೆರಾಕ್ಸ್ ಇಲ್ಲದಿದ್ದರೆ ಅದನ್ನು ಹೇಳಬೇಕಾದವರು ಗವರ್ನರ್ ಅಲ್ಲ, ಕೌಂಟರಿನಲ್ಲಿ ಕೂತವರು.

ಮೇಲ್ವಿಚಾರಣೆ ಕಡೆ ಹಾಕಿದರೆ ಕೆಲಸ ಇನ್ನೊಂದು ಥರ. ಸಹಕಾರಿ ಬ್ಯಾಂಕುಗಳು, ಫೈನಾನ್ಸ್ ಕಂಪನಿಗಳು ಕಾಲಕಾಲಕ್ಕೆ ರಿಟರ್ನ್ ಕಳಿಸಬೇಕು: ಠೇವಣಿ ಎಷ್ಟು, ಸಾಲ ಎಷ್ಟು, ಅದರಲ್ಲಿ ವಸೂಲಾಗದ್ದು ಎಷ್ಟು. ಯಾರದು ಬಂತು, ಯಾರದು ಬಂದಿಲ್ಲ ಎಂದು ಪಟ್ಟಿ ಇಟ್ಟು, ಬರದವರಿಗೆ ರಿಮೈಂಡರ್ ಹಾಕಿ, ಫೋನ್ ಮಾಡಿ ಬೆನ್ನು ಹತ್ತಬೇಕು. ತುಂಬಾ ಬೇಜಾರಿನ ಕೆಲಸ, ಮುಚ್ಚಿಡುವುದಿಲ್ಲ. ಆದರೆ ಲೆಕ್ಕ ಸರಿ ಇರುವವರಿಗೆ ಲೆಕ್ಕ ಕಳಿಸಲು ಅಷ್ಟೊಂದು ತಡ ಯಾಕಾಗಬೇಕು ಹೇಳಿ? ಒಂದೇ ಸಂಸ್ಥೆ ಮೇಲಿಂದ ಮೇಲೆ ತಡ ಮಾಡುತ್ತಿದೆ ಎಂಬುದು ಮೊದಲು ಕಾಣುವುದು ಆ ಪಟ್ಟಿ ಇಟ್ಟವರಿಗೆ. ಬಂದ ರಿಟರ್ನ್‌ನಲ್ಲಿ ಹೋದ ಸಲದ ಅಂಕಿಯೇ ಒಂದಕ್ಷರ ಬದಲಾಗದೆ ಮತ್ತೆ ಬಂದಿದ್ದರೆ ಅದೂ ಅವರಿಗೇ ಕಾಣಬೇಕು. ಅದನ್ನು ನೋಟ್‌ನಲ್ಲಿ ಒಂದು ಸಾಲು ಬರೆದು ಮೇಲಕ್ಕೆ ಕಳಿಸುವವರೂ ಇದ್ದಾರೆ, "ಬಂದಿದೆ" ಎಂದು ಟಿಕ್ ಹಾಕಿ ಸುಮ್ಮನಾಗುವವರೂ ಇದ್ದಾರೆ. ಇಬ್ಬರಿಗೂ ಸಂಬಳ ಒಂದೇ. ಇದು ಸರ್ಕಾರಿ ಥರದ ಕೆಲಸಗಳ ದೊಡ್ಡ ಬೇನೆ, ಅದಕ್ಕೆ ನನ್ನ ಹತ್ತಿರ ಮದ್ದಿಲ್ಲ.

ಇನ್ನೊಂದು ಮಾತು. ಇಲ್ಲಿ ಬಾಯಿ ಬಿಗಿ ಇರಬೇಕು. ಯಾವ ಬ್ಯಾಂಕಿನ ಮೇಲೆ ತಪಾಸಣೆ ನಡೆಯುತ್ತಿದೆ ಎಂದು ಮನೆಯಲ್ಲಿ ಊಟದ ಹೊತ್ತಿಗೆ ಹೇಳಿದರೂ ಮಾರನೇ ದಿನ ಠೇವಣಿದಾರರ ಸಾಲು ಆ ಬ್ಯಾಂಕಿನ ಬಾಗಿಲಲ್ಲಿ ನಿಲ್ಲಬಹುದು. ನೆಂಟರು ಕೇಳಿಯೇ ಕೇಳುತ್ತಾರೆ, "ನಮ್ಮ ಸೊಸೈಟಿ ಸೇಫಾ?" ಅಂತ. ಅದಕ್ಕೆ ಈಗಿನಿಂದಲೇ ಒಂದು ಉತ್ತರ ರೆಡಿ ಇಟ್ಟುಕೊಳ್ಳಿ.

ಬೇರೆ ನಿಯಂತ್ರಕರ ಕಡೆ ಯಾಕೆ ನೋಡಬಾರದು ಎಂದು ಕೇಳಬಹುದು. ಷೇರುಪೇಟೆ ನೋಡುವ ಸೆಬಿ, ವಿಮೆ ನೋಡುವ ಐಆರ್‌ಡಿಎಐ ಹೊಸಬರನ್ನು ಸಾಮಾನ್ಯವಾಗಿ ಗ್ರೇಡ್ ಎ ಅಸಿಸ್ಟೆಂಟ್ ಮ್ಯಾನೇಜರ್ ಆಗಿ ತೆಗೆದುಕೊಳ್ಳುತ್ತವೆ. ಎಂ.ಕಾಂ. ಓದಿದವರು ಅದನ್ನೂ ಬರೆಯಿರಿ. ಅಸಿಸ್ಟೆಂಟ್ ಆಗಿ ಸೇರಿದವರೂ ಒಳಗಿನಿಂದಲೇ ಆಫೀಸರ್ ಆಗಲು ದಾರಿ ಇದೆ.

ಪರೀಕ್ಷೆ ಬಗ್ಗೆ ನಿಮಗೆ ನನಗಿಂತ ಜಾಸ್ತಿ ಗೊತ್ತಿರುತ್ತದೆ. ಪ್ರಿಲಿಮ್ಸ್ 100 ಅಂಕ, ಮೈನ್ಸ್ 200, ತಪ್ಪು ಉತ್ತರಕ್ಕೆ ಕಾಲು ಅಂಕ ಕಡಿತ. ನಾನು ಹೇಳುವುದು ಕೊನೆಯ ಮೆಟ್ಟಿಲ ಬಗ್ಗೆ. ಆಯಾ ರಾಜ್ಯದ ಭಾಷೆಯ ಪರೀಕ್ಷೆ ಇದೆ. ಅಂಕ ಸೇರುವುದಿಲ್ಲ, ಆದರೆ ಫೇಲಾದರೆ ಆಯ್ಕೆಯೇ ಇಲ್ಲ. "ಕನ್ನಡ ತಾನೇ" ಎಂದು ಬಿಡಬೇಡಿ. ಯಾರದಾದರೂ ಉದ್ದದ ಕನ್ನಡ ಅರ್ಜಿ ಹಿಡಿದು ಅದರ ಸಾರವನ್ನು ಇಂಗ್ಲಿಷಿನಲ್ಲಿ ಐದು ಸಾಲಿಗೆ ಇಳಿಸಿ. ಆಮೇಲೆ ಇಂಗ್ಲಿಷಿನ ಒಂದು ಸುತ್ತೋಲೆ ಹಿಡಿದು ನಿಮ್ಮ ಅಜ್ಜಿಗೆ ಅರ್ಥವಾಗುವಂತೆ ಕನ್ನಡದಲ್ಲಿ ಬರೆಯಿರಿ. ಪರೀಕ್ಷೆಗೆ ಬೇಕೋ ಬೇಡವೋ, ಆ ಮೇಜಿಗೆ ಬೇಕಾದದ್ದು ಅದೇ. ಇನ್ನು ಅರ್ಜಿ ಹಾಕುವಾಗ ಒಂದೇ ಕಚೇರಿ ಆರಿಸಬೇಕು, ಹುದ್ದೆ ಜಾಸ್ತಿ ಇದೆ ಎಂದು ಭಾಷೆ ಬಾರದ ಊರನ್ನು ಆರಿಸಿಕೊಳ್ಳಬೇಡಿ.