ಏನೂ ಆಗಲಿಲ್ಲವಲ್ಲ ಸಾರ್!

ಈ ತಿಂಗಳ ಪತ್ರ ಬಯಲುಸೀಮೆಯ ಒಂದು ತಾಲ್ಲೂಕಿನಿಂದ ಬಂದಿದೆ. ಬರೆದವರು ಸ್ಟುಡಿಯೊ ಇಟ್ಟುಕೊಂಡಿರುವ ಫೋಟೊಗ್ರಾಫರ್. ಹೆಸರು, ಊರು ಹಾಕಬೇಡಿ ಎಂದಿದ್ದಾರೆ. ಪತ್ರದ ಸಾರ ಇಷ್ಟು:

"ನಮ್ಮೂರ ತೇರಿನ ದಿನ ದೇವಸ್ಥಾನದ ಕಮಿಟಿಯವರು ಕರೆದರು ಅಂತ ಡ್ರೋನ್ ಹಾರಿಸಿದೆ. ಹೆಚ್ಚೆಂದರೆ ಹತ್ತು ನಿಮಿಷ. ಪೊಲೀಸರು ಬಂದು ಡ್ರೋನ್, ರಿಮೋಟ್, ಫೋನ್ ಮೂರನ್ನೂ ಜಪ್ತಿ ಮಾಡಿದರು. ಮೂರು ದಿನ ಡ್ರೋನ್ ನಿಷೇಧ ಅಂತ ಎಸ್ಪಿ ಆದೇಶ ಇತ್ತಂತೆ, ನನಗೆ ಗೊತ್ತಿರಲಿಲ್ಲ. ಯಾರಿಗೂ ಒಂದು ಗೀರು ಸಹ ಆಗಿಲ್ಲ. ಏನೂ ಆಗಲಿಲ್ಲವಲ್ಲ ಸಾರ್, ಮತ್ತೆ ಕೇಸ್ ಯಾಕೆ? ನಾನೇ ಹಾರಿಸಿದೆ ಅನ್ನೋದಕ್ಕೆ ಸಾಕ್ಷಿ ಏನಿದೆ? ಕಮಿಟಿಯ ಹುಡುಗ ಮೊದಲೇ ವಿಡಿಯೊ ತನ್ನ ಫೋನಿಗೆ ಹಾಕಿಕೊಂಡಿದ್ದ. ಅದನ್ನು ಡಿಲೀಟ್ ಮಾಡಿಸಿಬಿಟ್ಟರೆ ಕೇಸ್ ನಿಲ್ಲಲ್ಲ ಅಂತ ಸ್ನೇಹಿತರು ಹೇಳುತ್ತಾರೆ, ಹೌದಾ? ಒಂದು ತುಣುಕು ಕಳಿಸಿದ್ದೇನೆ. ಶಾಟ್ ಹೇಗೆ ಬಂದಿದೆ ನೋಡಿ."

ಶಾಟ್ ತುಂಬಾ ಚೆನ್ನಾಗಿ ಬಂದಿದೆ ಸ್ವಾಮಿ. ಕಳಸದ ಸುತ್ತ ಒಂದು ಸುತ್ತು ಬಂದು, ಧ್ವಜದ ಪಕ್ಕದಲ್ಲೇ ಜಾರಿ ಜನರ ಮೇಲೆ ಇಳಿಯುತ್ತದಲ್ಲ, ಅದನ್ನು ಮೂರು ಸಲ ನೋಡಿದೆ. ಕೈ ಪಳಗಿದವರು ನೀವು.

ನಿಮ್ಮ ಕಷ್ಟವೂ ನನಗೆ ಅರ್ಥವಾಗುತ್ತದೆ. ಇವತ್ತು ಮದುವೆ ಪಾರ್ಟಿಯವರು ಮೊದಲು ಕೇಳುವುದೇ "ಡ್ರೋನ್ ಇದೆಯಾ" ಅಂತ. ಇಲ್ಲ ಎಂದರೆ ಪಕ್ಕದ ಸ್ಟುಡಿಯೊಗೆ ಹೋಗುತ್ತಾರೆ. ದೊಡ್ಡವರ ಮೆರವಣಿಗೆ ಮೇಲೆ ಹಾರಿದರೆ ಯಾರೂ ಕೇಳಲ್ಲ, ನಿಮ್ಮದು ಹಾರಿದರೆ ಜಪ್ತಿ. ಇಷ್ಟನ್ನು ಒಪ್ಪಿಕೊಂಡೆ. ಇಲ್ಲಿಂದ ಮುಂದೆ ನಾನು ನಿಮ್ಮ ಪರ ಇಲ್ಲ, ಬೇಜಾರು ಮಾಡಿಕೊಳ್ಳಬೇಡಿ.

ನಿಮ್ಮ ಪತ್ರದಲ್ಲಿ ನನಗೆ ಚುಚ್ಚಿದ್ದು ಒಂದೇ ಮಾತು. "ಏನೂ ಆಗಲಿಲ್ಲವಲ್ಲ." ನಮ್ಮ ನಾಡಿನಲ್ಲಿ ದಿನಕ್ಕೆ ಎಷ್ಟು ಸಾವಿರ ಸಲ ಈ ಮಾತು ಬಳಕೆಯಾಗುತ್ತದೋ! ಬಸ್ಸಿನ ಫುಟ್‌ಬೋರ್ಡಿನಲ್ಲಿ ಜೋತಾಡಿ ಇಳಿದವನು ಹೇಳುತ್ತಾನೆ. ಚಪ್ಪರದ ಕೆಳಗೇ ಗ್ಯಾಸ್ ಸಿಲಿಂಡರ್ ಸಾಲಾಗಿ ಇಟ್ಟ ಅಡುಗೆಯವನು ಹೇಳುತ್ತಾನೆ. ಕೈಯಲ್ಲೇ ಪಟಾಕಿ ಹಚ್ಚಿದವನು ಹೇಳುತ್ತಾನೆ. ನಾನೂ ಹೇಳಿದ್ದೇನೆ, ಅದನ್ನು ಮುಚ್ಚಿಡುವುದಿಲ್ಲ.

ಕೆಲವು ವರ್ಷದ ಹಿಂದೆ ನಮ್ಮ ಅಕ್ಕನ ಮಗಳ ಮದುವೆ. ಮನೆ ಮುಂದೆ ಚಪ್ಪರ, ಅದರ ಮೇಲೆಲ್ಲ ಸೀರಿಯಲ್ ಲೈಟು. ಧಾರೆ ಮುಗಿದು ಎಲ್ಲರೂ ಊಟಕ್ಕೆ ಏಳುವ ಹೊತ್ತು. ಗುಂಯ್ ಎನ್ನುತ್ತಿದ್ದ ಡ್ರೋನ್ ಲೈಟಿನ ವೈರಿಗೆ ತಗುಲಿ, ಎರಡು ಸುತ್ತು ತಿರುಗಿ ದಪ್ಪಂತ ಬಿತ್ತು. ಬಿದ್ದದ್ದು ಪ್ಲಾಸ್ಟಿಕ್ ಕುರ್ಚಿಯ ಮೇಲೆ. ಕುರ್ಚಿಯ ಕೈ ಮುರಿದುಹೋಯಿತು. ಒಂದು ನಿಮಿಷದ ಮೊದಲು ಅದೇ ಕುರ್ಚಿಯಲ್ಲಿ ನಮ್ಮ ಚಿಕ್ಕಮ್ಮ ಕೂತಿದ್ದರು, ತಾಂಬೂಲದ ಚೀಲ ತರಲು ಎದ್ದು ಹೋಗಿದ್ದರು. ಹುಡುಗ ಬಿಳಿಚಿಕೊಂಡು ನಿಂತಿದ್ದ. ನಾನೇ ಅವನ ಬೆನ್ನು ತಟ್ಟಿ "ಹೋಗಲಿ ಬಿಡಪ್ಪ, ಏನೂ ಆಗಲಿಲ್ಲವಲ್ಲ" ಅಂದೆ. ತಿಂಗಳ ಮೇಲೆ ಮದುವೆ ವಿಡಿಯೊ ಬಂತು. ಡ್ರೋನ್ ಬಿದ್ದ ಆ ಭಾಗ ಅದರಲ್ಲಿ ಇಲ್ಲ. ತೆಗೆದುಬಿಡು ಅಂತ ಹೇಳಿದ್ದೂ ನಾವೇ. ಈಗ ಚಿಕ್ಕಮ್ಮನೇ "ಹಾಗೆ ಆಗಿತ್ತಾ?" ಅಂತ ಕೇಳುತ್ತಾರೆ.

ಕಾನೂನಿಗೆ ಈ ಮಾತು ಒಪ್ಪಿಗೆಯಿಲ್ಲ. ಭಾರತೀಯ ನ್ಯಾಯ ಸಂಹಿತೆಯ 125ನೇ ಕಲಂ ನೋಡಿ. ದುಡುಕಿನಿಂದಲೋ ಅಜಾಗರೂಕತೆಯಿಂದಲೋ ಬೇರೆಯವರ ಜೀವಕ್ಕೆ ಅಪಾಯ ತರುವಂಥ ಕೆಲಸ ಮಾಡಿದರೆ ಸಾಕು, 3 ತಿಂಗಳವರೆಗೆ ಸಜೆ ಅಥವಾ 2,500 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಗಾಯ ಆಗಿರಲೇಬೇಕು ಅಂತಿಲ್ಲ. ಗಾಯವಾದರೆ 6 ತಿಂಗಳು, ಗಂಭೀರ ಗಾಯವಾದರೆ 3 ವರ್ಷದವರೆಗೆ ಏರುತ್ತದೆ. ಇದರ ಜೊತೆಗೆ 2021ರ ಡ್ರೋನ್ ನಿಯಮಗಳಿವೆ. ಅವನ್ನು ಮೀರಿದರೆ 1 ಲಕ್ಷ ರೂಪಾಯಿವರೆಗೆ ದಂಡ. ಜಾತ್ರೆಯಂಥ ಸಂದರ್ಭದಲ್ಲಿ ಎಸ್ಪಿ ದರ್ಜೆಯ ಅಧಿಕಾರಿ ಒಂದು ಸಲಕ್ಕೆ 96 ಗಂಟೆವರೆಗೆ ಆ ಜಾಗವನ್ನು ತಾತ್ಕಾಲಿಕ ಕೆಂಪು ವಲಯ, ಅಂದರೆ ಡ್ರೋನ್ ಹಾರಿಸುವಂತಿಲ್ಲದ ಜಾಗ, ಅಂತ ಘೋಷಿಸಬಹುದು. ನಿಮ್ಮೂರಿನ ಮೂರು ದಿನದ ನಿಷೇಧ ಅದರೊಳಗೇ ಬರುತ್ತದೆ. ಹಸಿರು ವಲಯವಾದರೆ ಬೇರೆ ದಿನ ಅದೇ ಬಯಲಿನಲ್ಲಿ 400 ಅಡಿವರೆಗೆ ಹಾರಿಸಲು ಅನುಮತಿ ಕೂಡ ಬೇಕಿಲ್ಲ. ಅಷ್ಟು ಸಡಿಲ ಕೊಟ್ಟಿದ್ದಾರೆ. ಆದರೆ ನೋಂದಣಿ ಸಂಖ್ಯೆ ಬೇಕು. ನಿಮ್ಮದು 900 ಗ್ರಾಂ ತೂಕದ್ದು ಅಂತ ಬರೆದಿದ್ದೀರಿ, ದುಡ್ಡಿಗೆ ಹಾರಿಸುತ್ತೀರಿ. ಹಾಗಾಗಿ ಪೈಲಟ್ ಸರ್ಟಿಫಿಕೇಟ್ ಬೇಕು, ಥರ್ಡ್ ಪಾರ್ಟಿ ವಿಮೆಯೂ ಬೇಕು. ಇವು ಯಾವುದರ ಮಾತೂ ಪತ್ರದಲ್ಲಿಲ್ಲ. ಕಮಿಟಿಯವರು ಕರೆದರು ಅಂತ ಮಾತ್ರ ಇದೆ.

900 ಗ್ರಾಂ ಏನು ಮಹಾ ಅನ್ನಬೇಡಿ. ಲೆಕ್ಕ ಹಾಕಿ ನೋಡಿದೆ. 100 ಅಡಿ ಮೇಲಿಂದ ಬಿದ್ದರೆ, ಗಾಳಿಯ ತಡೆ ಬಿಟ್ಟರೆ, ನೆಲ ಮುಟ್ಟುವಾಗ ಗಂಟೆಗೆ 85 ಕಿಲೋಮೀಟರಿಗಿಂತ ಜಾಸ್ತಿ ವೇಗ. ಅದರ ಪೆಟ್ಟು 140 ಕಿಲೋಮೀಟರ್ ವೇಗದ ಕ್ರಿಕೆಟ್ ಚೆಂಡಿನ ಎರಡರಷ್ಟು. ಬ್ಯಾಟ್ಸ್‌ಮನ್‌ಗೆ ಹೆಲ್ಮೆಟ್ ಇರುತ್ತದೆ, ಚೆಂಡು ಎದುರಿನಿಂದ ಬರುವುದೂ ಕಾಣುತ್ತದೆ. ತೇರಿಗೆ ಕೈ ಮುಗಿದು ನಿಂತವರಿಗೆ ಎರಡೂ ಇಲ್ಲ. ಇನ್ನೊಂದು ವಿಷಯ ನಿಮಗೇ ಗೊತ್ತಿರಬೇಕಿತ್ತು. ತೇರು ಅಲುಗಿದ ತಕ್ಷಣ ನಮ್ಮ ಜನ ಏನು ಮಾಡುತ್ತಾರೆ? ಬಾಳೆಹಣ್ಣು, ಉತ್ತತ್ತಿ, ದವನ ಎಲ್ಲ ಕಳಸದ ಕಡೆಗೆ ಬೀಸುತ್ತಾರೆ. ನಿಮ್ಮ ವಿಡಿಯೊದಲ್ಲೇ ಒಂದು ಬಾಳೆಹಣ್ಣು ಕ್ಯಾಮೆರಾ ಪಕ್ಕದಲ್ಲೇ ಹಾರಿಹೋಗುತ್ತದೆ. ಒಂದು ರೆಕ್ಕೆಗೆ ಬಿದ್ದಿದ್ದರೆ?

ಬಿದ್ದ ಕಥೆ ಅಮೆರಿಕದಲ್ಲಿದೆ. 2015ರ ಜೂನ್‌ನಲ್ಲಿ ಸಿಯಾಟಲ್ ನಗರದ ಪ್ರೈಡ್ ಮೆರವಣಿಗೆ. ಒಬ್ಬ ಹಾರಿಸಿದ ಡ್ರೋನ್ ಕಟ್ಟಡಕ್ಕೆ ತಗುಲಿ ಕೆಳಗೆ ಬಿತ್ತು. 25 ವರ್ಷದ ಹೆಣ್ಣುಮಗಳೊಬ್ಬಳ ತಲೆಗೆ ಬಡಿಯಿತು, ಅವಳು ಪ್ರಜ್ಞೆ ತಪ್ಪಿದಳು. ಹಾರಿಸಿದವನು ತಾನೇ ಪೊಲೀಸರ ಬಳಿ ಬಂದ. ಅವನ ಡ್ರೋನಿನ ತೂಕ ಕೂಡ ನಿಮ್ಮದರಷ್ಟೇ, ಹೆಚ್ಚುಕಡಿಮೆ 2 ಪೌಂಡು. 2017ರಲ್ಲಿ 30 ದಿನ ಜೈಲು, 500 ಡಾಲರ್ ದಂಡ ಎಂದು ಕೋರ್ಟ್ ಹೇಳಿತು. ಉದ್ದೇಶ ಕೆಟ್ಟದಿತ್ತು ಅಂತ ಯಾರೂ ಹೇಳಲಿಲ್ಲ. ಅನುಮತಿ ಇದ್ದರೂ ಹೆದರಬೇಕಾದ ವಸ್ತು ಇದು. 2024ರ ಡಿಸೆಂಬರ್‌ನಲ್ಲಿ ಒರ್ಲ್ಯಾಂಡೊದಲ್ಲಿ ಹಬ್ಬದ ಡ್ರೋನ್ ಪ್ರದರ್ಶನ ನಡೆಯಿತು, ಎಲ್ಲ ಅನುಮತಿ ಪಡೆದದ್ದು. ಡ್ರೋನ್‌ಗಳು ಒಂದಕ್ಕೊಂದು ಡಿಕ್ಕಿಯಾಗಿ ಬಿದ್ದವು. 7 ವರ್ಷದ ಹುಡುಗನಿಗೆ ಬಡಿದು ಹೃದಯದ ಆಪರೇಷನ್ ಮಾಡಬೇಕಾಯಿತು.

ಅಷ್ಟು ದೂರ ಯಾಕೆ? ಆನೇಕಲ್ ಕಡೆಯ ಹುಸ್ಕೂರು ಮದ್ದೂರಮ್ಮನ ಜಾತ್ರೆ ನೋಡಿ. 100 ಅಡಿಗೂ ಎತ್ತರದ ತೇರುಗಳು. 2024ರಲ್ಲಿ ಒಂದು ತೇರು ವಾಲಿ ಉರುಳಿತು. ಪುಣ್ಯಕ್ಕೆ ಯಾರಿಗೂ ಏನೂ ಆಗಲಿಲ್ಲ. ಮುಂದಿನ ವರ್ಷ ಮಾರ್ಚ್‌ನಲ್ಲಿ ಮತ್ತೆ ಉರುಳಿತು. ಆ ಸಲ ಜೀವ ಹೋಯಿತು. ಏನೂ ಆಗದ ವರ್ಷವೇ ಕೂತು ಯೋಚಿಸಬೇಕಾದ ವರ್ಷ. ಆಗಲೇ ನಾವು ಹಣ್ಣುಕಾಯಿ ಮಾಡಿಸಿ ಮನೆಗೆ ಹೋಗುತ್ತೇವೆ.

ಈಗ ನಿಮ್ಮ ಸಾಕ್ಷಿಯ ಪ್ರಶ್ನೆಗೆ ಬರುತ್ತೇನೆ. ಇದು ನನ್ನ ಹಳೇ ತಕರಾರು, ಸ್ವಲ್ಪ ಉದ್ದ ಆಗುತ್ತದೆ.

ನಿಮ್ಮ ಪ್ರಶ್ನೆ ಪೆದ್ದು ಪ್ರಶ್ನೆಯಲ್ಲ. ಡ್ರೋನ್ ಆಕಾಶದಲ್ಲಿರುತ್ತದೆ, ಹಾರಿಸುವವನು ಎಲ್ಲೋ ಮಾಳಿಗೆ ಮೇಲೆ. ಹತ್ತು ಸಾವಿರ ಜನ ಡ್ರೋನ್ ನೋಡಿರುತ್ತಾರೆ, ರಿಮೋಟ್ ಹಿಡಿದ ಕೈಯನ್ನು ಒಬ್ಬರೂ ನೋಡಿರುವುದಿಲ್ಲ. 2018ರ ಡಿಸೆಂಬರ್‌ನಲ್ಲಿ ಲಂಡನ್ನಿನ ಗ್ಯಾಟ್‌ವಿಕ್ ವಿಮಾನ ನಿಲ್ದಾಣದ ಹತ್ತಿರ ಡ್ರೋನ್ ಕಂಡಿತು ಅಂತ ಸುಮಾರು ಸಾವಿರ ವಿಮಾನಗಳ ಹಾರಾಟ ತಪ್ಪಿತು. ಪೊಲೀಸರು ಗಂಡ ಹೆಂಡತಿ ಇಬ್ಬರನ್ನು ಹಿಡಿದರು, ಸಾಕ್ಷಿ ಇಲ್ಲದೆ ಬಿಟ್ಟರು, ಆಮೇಲೆ ಪರಿಹಾರ, ವಕೀಲರ ಖರ್ಚು ಎರಡೂ ಸೇರಿ 2 ಲಕ್ಷ ಪೌಂಡ್ ಕೊಟ್ಟರು. ಹಾರಿಸಿದವರು ಸಿಗಲೇ ಇಲ್ಲ.

ಆದರೆ ಅದೇ ಇಂಗ್ಲೆಂಡಿನಲ್ಲಿ 2015ರಲ್ಲಿ ನಾಟಿಂಗ್‌ಹ್ಯಾಮ್‌ನ ಒಬ್ಬನಿಗೆ ಶಿಕ್ಷೆಯಾಯಿತು. ತುಂಬಿದ ಫುಟ್‌ಬಾಲ್ ಸ್ಟೇಡಿಯಂಗಳ ಮೇಲೆ, ಬಕಿಂಗ್‌ಹ್ಯಾಮ್ ಅರಮನೆಯ ಹತ್ತಿರ ಹಾರಿಸುತ್ತಿದ್ದ. ಅವನ ವಿರುದ್ಧದ ಸಾಕ್ಷಿ ಯಾರು? ಅವನೇ! ವಿಡಿಯೊಗಳನ್ನು ಯೂಟ್ಯೂಬಿಗೆ ಹಾಕಿದ್ದ. 1,800 ಪೌಂಡ್ ದಂಡ ಬಿತ್ತು. ಕಳ್ಳತನ ಮಾಡಿದವನು ಫೋಟೊ ತೆಗೆದು ಸ್ಟೇಟಸ್‌ಗೆ ಹಾಕಲ್ಲ. ಡ್ರೋನ್ ಹಾರಿಸಿದವನು ಹಾಡು ಸೇರಿಸಿ ಹಾಕುತ್ತಾನೆ.

ನಿಮ್ಮ ವಿಷಯದಲ್ಲಿ ವಿಡಿಯೊ ಇಲ್ಲದಿದ್ದರೂ ಯಂತ್ರವೇ ಬಾಯಿ ಬಿಡುತ್ತದೆ. ಎಷ್ಟು ಗಂಟೆಗೆ ಎದ್ದಿತು, ಯಾವ ಜಾಗದಿಂದ, ಎಷ್ಟು ಎತ್ತರ, ಎಲ್ಲಿ ಇಳಿಯಿತು ಎಲ್ಲವೂ ಅದರ ಹೊಟ್ಟೆಯಲ್ಲಿ ಲಾಗ್ ಆಗಿ ಕೂತಿರುತ್ತದೆ. ಅದರದೇ ನಕಲು ರಿಮೋಟಿಗೆ ಜೋಡಿಸಿದ ಫೋನಿನಲ್ಲೂ ಇರುತ್ತದೆ. ಮೂರನ್ನೂ ಒಟ್ಟಿಗೆ ಯಾಕೆ ಜಪ್ತಿ ಮಾಡಿದರು ಅಂದುಕೊಂಡಿರಿ?

ನಮ್ಮಲ್ಲಿ ಕೋರ್ಟಿನಲ್ಲಿ ಕೇಸ್ ಬಿದ್ದುಹೋಗುವುದು ಸಾಕ್ಷಿ ಇಲ್ಲದೆ ಅಲ್ಲ, ಇದ್ದ ಸಾಕ್ಷಿಯನ್ನು ಕೆಡಿಸಿ. ಜಪ್ತಿ ಮಾಡುವುದನ್ನೇ ವಿಡಿಯೊ ಮಾಡಬೇಕು ಅಂತ 2024ರ ಜುಲೈ 1ರಿಂದ ಕಾನೂನಿದೆ. ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ವಿಡಿಯೊದ ನಕಲನ್ನು ಕೋರ್ಟಿಗೆ ಕೊಡುವಾಗ ಎರಡು ಭಾಗದ ಪ್ರಮಾಣಪತ್ರ ಬೇಕು. ಒಂದು ಭಾಗ ಯಂತ್ರದ ಹೊಣೆ ಹೊತ್ತವರದು, ಇನ್ನೊಂದು ತಜ್ಞರದು. ಅದರಲ್ಲಿ ಫೈಲಿನ ಹ್ಯಾಶ್ ಬರೆಯಬೇಕು. ಹ್ಯಾಶ್ ಅಂದರೆ ಫೈಲಿನ ಹೆಬ್ಬೆಟ್ಟು ಗುರುತು ಅಂದುಕೊಳ್ಳಿ. ಒಂದು ಚುಕ್ಕೆ ಬದಲಾದರೂ ಗುರುತು ಬೇರೆಯಾಗುತ್ತದೆ. ಪ್ರಮಾಣಪತ್ರ ಇಲ್ಲದ ನಕಲು ನಡೆಯುವುದಿಲ್ಲ ಎಂದು ಸುಪ್ರೀಂ ಕೋರ್ಟ್ ಹಳೇ ಕಾಯ್ದೆಯ ಕಾಲದಲ್ಲೇ, 2014ರಲ್ಲಿ ಒಮ್ಮೆ, 2020ರಲ್ಲಿ ಇನ್ನೊಮ್ಮೆ ಹೇಳಿದೆ. ಹೀಗಿದ್ದೂ ಒಂದು ಠಾಣೆಯಲ್ಲಿ ನಾನು ಕಣ್ಣಾರೆ ಕಂಡದ್ದು ಕೇಳಿ. ಜಪ್ತಿಯಾದ ಡ್ರೋನ್ ಬಟ್ಟೆಯಂಗಡಿಯ ಚೀಲದಲ್ಲಿ, ಬೀರುವಿನ ಮೇಲೆ. ಕಾರ್ಡ್ ಎಲ್ಲಿ ಅಂದರೆ, ಕಂಪ್ಯೂಟರಿಗೆ ಹಾಕಿ ನೋಡುತ್ತಿದ್ದೇವೆ ಸಾರ್ ಅಂದರು. ಮಹಜರಿನಲ್ಲಿ ಬರೆದದ್ದು "ಕಪ್ಪು ಬಣ್ಣದ ಹಾರುವ ಕ್ಯಾಮೆರಾ ಒಂದು". ಸೀರಿಯಲ್ ನಂಬರ್ ಇಲ್ಲ. ಪಂಚರು ಎದುರಿನ ಟೀ ಅಂಗಡಿಯವರು.

ಆದೇಶ ಮೀರಿದ್ದಕ್ಕೆ ಹಾಕುವ ನ್ಯಾಯ ಸಂಹಿತೆಯ 223ನೇ ಕಲಂ ಕಥೆಯೂ ಹೀಗೇ. ಆದೇಶ ಕೊಟ್ಟ ಅಧಿಕಾರಿಯೋ ಅವರ ಮೇಲಿನವರೋ ಕೋರ್ಟಿಗೆ ಲಿಖಿತ ದೂರು ಕೊಡಬೇಕು. ಸುಮ್ನೆ ಎಫ್ಐಆರ್ ಹಾಕಿ ಕೂತರೆ ನಿಲ್ಲಲ್ಲ. ನಿಮ್ಮ ವಕೀಲರು ಮೊದಲು ಹುಡುಕುವುದು ಇದನ್ನೇ. ಹುಡುಕಲಿ, ಅದು ಅವರ ಕೆಲಸ. ನನ್ನ ಸಿಟ್ಟು ಇರುವುದು, ಬಡಪಾಯಿಯ ಡ್ರೋನ್ ಕಿತ್ತುಕೊಳ್ಳುವಾಗ ಇರುವ ಉತ್ಸಾಹ ಕಾಗದ ಬರೆಯುವಾಗ ಇರುವುದಿಲ್ಲವಲ್ಲ, ಅದರ ಮೇಲೆ. ಹಾಗಾಗಿ ಏನೂ ಆಗದ ಕೇಸೂ ಬಿದ್ದುಹೋಗುತ್ತದೆ, ನಾಳೆ ಯಾರದೋ ತಲೆ ಒಡೆದ ಕೇಸೂ ಬಿದ್ದುಹೋಗುತ್ತದೆ.

ಕಮಿಟಿಯವರ ಮಾತಿಗೆ ಬಂದರೆ, ನಿಮ್ಮನ್ನು ಕರೆದವರು ಈಗ ಎಲ್ಲಿ? ಫೋನ್ ಎತ್ತುತ್ತಾರಾ? ಅವರಿಗೆ ಬೇಕಿದ್ದದ್ದು ಮುಂದಿನ ವರ್ಷದ ಪೋಸ್ಟರಿಗೆ ಒಂದು ಚಿತ್ರ. ಈಗೀಗ ತೇರು ಎಳೆಯುವುದೇ ಮೇಲಿನಿಂದ ನೋಡುವವರಿಗಾಗಿ ಎನ್ನುವ ಹಾಗಾಗಿದೆ. ಹಗ್ಗ ಹಿಡಿದವನು ಕೂಡ ತಲೆ ಎತ್ತಿ ಡ್ರೋನಿಗೆ ಕೈ ಬೀಸುತ್ತಾನೆ. ಮಾಳಿಗೆ ಮೇಲೆ ನಿಂತ ಹೆಣ್ಣುಮಕ್ಕಳು ಸೆರಗು ಸರಿ ಮಾಡಿಕೊಂಡು ಒಳಗೆ ಹೋಗುತ್ತಾರೆ. ಖಾಸಗಿತನ ಮೂಲಭೂತ ಹಕ್ಕು ಎಂದು 2017ರಲ್ಲಿ 9 ನ್ಯಾಯಮೂರ್ತಿಗಳು ಒಮ್ಮತದಿಂದ ಹೇಳಿದ ಕೇಸ್ ಹಾಕಿದ್ದು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಪುಟ್ಟಸ್ವಾಮಿಯವರು. ಅವರ ಹೆಸರು ದೇಶಕ್ಕೆಲ್ಲ ಗೊತ್ತು, ನಮ್ಮ ಮಾಳಿಗೆಗೆ ಇನ್ನೂ ತಲುಪಿಲ್ಲ.

ಇರಲಿ. ನಿಮಗೆ ಬೇಕಾದದ್ದು ಹೇಳುತ್ತೇನೆ. ವಿಡಿಯೊ ಡಿಲೀಟ್ ಮಾಡಿಸಬೇಡಿ, ಹುಡುಗನಿಗೂ ಹೇಳಿ. ಸಾಕ್ಷ್ಯ ಆಗಬಹುದಾದ ಎಲೆಕ್ಟ್ರಾನಿಕ್ ದಾಖಲೆ ಬೇಕೆಂದೇ ನಾಶ ಮಾಡಿದರೆ ನ್ಯಾಯ ಸಂಹಿತೆಯ 241ನೇ ಕಲಂ ಇದೆ, 3 ವರ್ಷದವರೆಗೆ ಸಜೆ. ಹಾರಿಸಿದ ತಪ್ಪಿಗಿಂತ ಅಳಿಸಿದ ತಪ್ಪು ಭಾರ. ಡ್ರೋನ್ ವಾಪಸ್ ಬೇಕಾದರೆ ಮ್ಯಾಜಿಸ್ಟ್ರೇಟ್ ಮುಂದೆ ಅರ್ಜಿ ಹಾಕಿ. ಜಪ್ತಿ ವಸ್ತುಗಳನ್ನು ಠಾಣೆಯಲ್ಲಿ ಕೊಳೆಯಲು ಬಿಡಬಾರದು, ಫೋಟೊ ತೆಗೆದು, ಮಹಜರು ಮಾಡಿ, ಬಾಂಡ್ ಬರೆಸಿಕೊಂಡು ಮಾಲೀಕರಿಗೆ ಕೊಡಿ ಅಂತ 2002ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಮದುವೆ ಸೀಸನ್ ಶುರುವಾಗುವ ಮೊದಲೇ ಹಾಕಿ. ಪೈಲಟ್ ಸರ್ಟಿಫಿಕೇಟ್ ಪಡೆದ ಮೇಲೆ ಪತ್ರ ಬರೆಯಿರಿ, ಸಂತೋಷದಿಂದ ಅಚ್ಚು ಹಾಕುತ್ತೇನೆ.

ನಿಮ್ಮ ವಿಡಿಯೊ ಮೂರು ಸಲ ನೋಡಿದೆ ಅಂದೆನಲ್ಲ. ಮೂರನೇ ಸಲ, ಕಳಸದಿಂದ ಕೆಳಗಿಳಿಯುವಾಗ ಎಡಗಡೆ ಮೂಲೆ ನೋಡಿ. ಹಸಿರು ಸೀರೆಯ ಒಬ್ಬ ಅಜ್ಜಿ, ಮಡಿಲಲ್ಲಿ ನಾಲ್ಕೈದು ವರ್ಷದ ಮೊಮ್ಮಗಳು. ಸದ್ದಿಗೆ ಅಜ್ಜಿ ತಲೆ ಎತ್ತುತ್ತಾರೆ. ಕೂಡಲೇ ಸೆರಗನ್ನು ಮಗುವಿನ ತಲೆ ಮೇಲೆ ಎಳೆದು, ಅದರ ಮೇಲೆ ತಮ್ಮ ಎರಡೂ ಕೈ ಇಡುತ್ತಾರೆ. ಡ್ರೋನ್ ದಾಟಿ ಹೋಗುವವರೆಗೂ ಆ ಕೈ ತೆಗೆಯುವುದಿಲ್ಲ. ಅಷ್ಟರಲ್ಲಿ ತೇರು ಮುಂದೆ ಹೋಗಿರುತ್ತದೆ. ಆ ಮಗು ನೋಡಲಿಲ್ಲ.