ಕಜಾನ್‌ನಂಥ ಮಿಶ್ರ ಊರಲ್ಲಿ ರಷ್ಯನ್ನರಿಗೆ ತಮ್ಮತನ ಯಾವುದರಿಂದ ನೆನಪಾಗುತ್ತದೆ?

ಮುಖ್ಯವಾಗಿ ಹಬ್ಬದಿಂದ, ಹಬ್ಬದ ಅಡುಗೆಯಿಂದ. ಕಜಾನ್ ರಷ್ಯಾದೊಳಗಿನ ಟಾಟರ್‌ಸ್ತಾನ ಗಣರಾಜ್ಯದ ರಾಜಧಾನಿ. 2021ರ ಜನಗಣತಿ ಪ್ರಕಾರ ಈ ಗಣರಾಜ್ಯದಲ್ಲಿ ರಷ್ಯನ್ನರು ಸುಮಾರು ಶೇ. 40, ತಮ್ಮದೇ ಭಾಷೆ ಇರುವ, ಬಹುಪಾಲು ಮುಸ್ಲಿಮರಾದ ಟಾಟರರು ಅವರಿಗಿಂತ ಜಾಸ್ತಿ. ಆದರೆ ಪೇಟೆಯಲ್ಲಿ ಟಾಟರರೂ ರಷ್ಯನ್ ಭಾಷೆಯನ್ನೇ ಹೆಚ್ಚು ಆಡುತ್ತಾರೆ. ಹಾಗಾಗಿ ಮಾತಿನಿಂದ ಯಾರು ಯಾರೆಂದು ಗೊತ್ತಾಗುವುದು ಕಷ್ಟ.

ರಷ್ಯನ್ನರ ಹಳ್ಳಿಯ ಉಡುಗೆ, ಮದುವೆ ಹಾಡುಗಳು ಸೋವಿಯತ್ ಕಾಲದಲ್ಲಿ ಪೇಟೆ ಸೇರಿದಾಗಲೇ ಬಹುಪಾಲು ಬಿಟ್ಟುಹೋದವು. ಉಳಿದದ್ದು ಚಳಿಗಾಲ ಕಳಿಸುವ ಮಾಸ್ಲೆನಿತ್ಸಾ ಹಬ್ಬದ ಬ್ಲಿನಿ, ಅಂದರೆ ತೆಳು ದೋಸೆ. ಈಸ್ಟರ್‌ಗೆ ಈರುಳ್ಳಿ ಸಿಪ್ಪೆ ಹಾಕಿ ಕುದಿಸಿ ಕೆಂಪು ಮಾಡಿದ ಮೊಟ್ಟೆ. ಚರ್ಚಿಗೆ ಅಪರೂಪಕ್ಕೆ ಹೋಗುವವರೂ ಈ ಮೊಟ್ಟೆ ಮಾಡುತ್ತಾರೆ. ಪಕ್ಕದ ಮನೆಯ ಟಾಟರರು ಬೇಸಿಗೆಯಲ್ಲಿ ತಮ್ಮ ಸಬಂತುಯ್ ಹಬ್ಬ ಮಾಡುವಾಗ ‘ನಮ್ಮದೇನು?’ ಅನ್ನೋ ಪ್ರಶ್ನೆ ಬಂದೇ ಬರುತ್ತೆ, ಅಲ್ವಾ? ಹಾಗಂತ ಪಕ್ಕದವರದು ಬೇಡವೆಂದಲ್ಲ. ಟಾಟರರ ಚಕ್‌ಚಕ್ ಸಿಹಿ ರಷ್ಯನ್ನರ ಚಹಾದ ಜೊತೆಗೂ ಇರುತ್ತದೆ.